ತೂಕ, ತೂಕಡಿಕೆ

ತೂಕ ನನ್ನ ಕಸುಬು,
ತೂಕಡಿಕೆ ನನ್ನ ಕಾಯಿಲೆ.
ಹಾಯೇನ್ ಸೀಮೆಯ ಎಣ್ಣೆ ಸಹಕಾರ ಸಂಘದ ಹೆಬ್ಬಾಗಿಲಲ್ಲಿ
ಗಾಜಿನ ಗೂಡು, ಒಂದು ಕುರ್ಚಿ, ಮುಂದೆ ತೂಕದ ಸೇತುವೆ.
ತುಂಬಿದ ಟ್ರ್ಯಾಕ್ಟರು ಹತ್ತುತ್ತದೆ, ಬರೆಯುತ್ತೇನೆ.
ಸುರಿದು ಬರಿದಾಗಿ ಮರಳುತ್ತದೆ, ಕಳೆಯುತ್ತೇನೆ.
ಉಳಿದದ್ದು ಆಲಿವ್.
ಇಪ್ಪತ್ತಾರು ವರ್ಷ ಇದೇ ಕಳೆಯುವ ಲೆಕ್ಕ.

ಮೇ ಬಂತೆಂದರೆ ಗುಡ್ಡದಿಂದ ಗುಡ್ಡಕ್ಕೆ
ಅವೇ ಮರಗಳಿಗೆ ಹೂವು.
ಹೂವೆನ್ನಲೂ ನಾಚಿಕೆ, ನುಚ್ಚಿನಷ್ಟು.
ಅದರ ಪುಡಿಯೋ,
ಕಾರಿನ ಮೇಲೆ, ಒಣಹಾಕಿದ ಅಂಗಿಯ ಮೇಲೆ,
ಕುಯ್ದಿಟ್ಟ ಬ್ರೆಡ್ಡಿನ ಮೇಲೆ, ನನ್ನ ರೆಪ್ಪೆಯ ಮೇಲೆ ಹಳದಿ.
ಉಣ್ಣಿಸಿದ ಕೈಯೇ ಮೂಗು ಹಿಡಿದ ಹಾಗೆ.
ಹನ್ನೊಂದು ಸೀನು ಒಂದರ ಬೆನ್ನಿಗೊಂದು,
ಹನ್ನೆರಡನೆಯದು ಬಂದೆ ಬಂದೆ ಎಂದು ಬಾರದೆ
ಅರ್ಧ ದಿನ ಮೂಗಿನ ತುದಿಯಲ್ಲೇ ಕೂತಿರುತ್ತದೆ.
ಸೀನಿಗೆ ಮಾತ್ರೆ. ಮಾತ್ರೆಗೆ ಜೊಂಪು.
ಜೊಂಪಿಗೆ ಕಾಫಿ. ಕಾಫಿಗೆ ಎದೆಯುರಿ.

ರಾತ್ರಿಯ ಕಥೆ ಬೇರೆ.
ಗಂಟೆಗೆ ನಲವತ್ತೊಂದು ಸಲ ನನ್ನ ಗಂಟಲು
ಕದ ಹಾಕಿಕೊಳ್ಳುತ್ತಿತ್ತಂತೆ.
ಗ್ರನಾದಾದಲ್ಲಿ ತಲೆಗೆ ವೈರು ಅಂಟಿಸಿ ಎಣಿಸಿದವರು ಹೇಳಿದ್ದು.
ತೀಸ್ಕರಳಿಗೆ ಮೊದಲೇ ಗೊತ್ತಿತ್ತು.
"ನಿನ್ನುಸಿರು ನಿಂತಾಗ ನಾನೂ ಹಿಡಿದು ಕಾಯುತ್ತಿದ್ದೆ,"
ಅಂದಳು ಪಾತ್ರೆ ಒರೆಸುತ್ತ,
"ಬಹಳ ಸಲ ನಾನೇ ಸೋತೆ."

ಈಗ ಮಂಚದ ಪಕ್ಕ ಯಂತ್ರ,
ಗಾಣದ ಪೈಪಿಗೆ ಹುಟ್ಟಿದ ಮರಿಯಂಥ ಕೊಳವೆ.
ಅದು ಗಾಳಿ ತಳ್ಳುವುದು ಮೂಗಿಗೆ;
ಮೇ ತಿಂಗಳಲ್ಲಿ ಮೂಗೇ ರಜೆ.
ದಾರಿ ಕಾಣದ ಗಾಳಿ ಮುಖವಾಡದ ಅಂಚಿನಿಂದ
ಕಣ್ಣಿಗೆ ಸಿಳ್ಳೆ ಹೊಡೆಯುತ್ತದೆ.
ಆದ್ದರಿಂದ ತಲೆ ತೊಳೆ, ಕಿಟಕಿ ಜಡಿ,
ಉಪ್ಪುನೀರು ಒಂದು ಹೊಳ್ಳೆಯಲ್ಲಿ ಹೊಯ್ದು
ಇನ್ನೊಂದರಲ್ಲಿ ಇಳಿಸು, ಸ್ಪ್ರೇ ಹೊಡೆ, ಹತ್ತು ನಿಮಿಷ ಕಾಯು,
ಪಟ್ಟಿ ಬಿಗಿ.
ಮದುಮಗನ ಸಿಂಗಾರವೆಲ್ಲ ಆಗಿ
ಹೊರಡುವುದು ದಿಂಬಿಗೆ.

ಬೆಳಗ್ಗೆ ಪರದೆಯ ಮೇಲೆ
ಏಳು ಗಂಟೆ ಹನ್ನೆರಡು ನಿಮಿಷ, ತಡೆ ಮೂರೇ ಮೂರು,
ಒಂದು ಹಸಿರು ನಗುಮುಖ.
"ಚಿನ್ನದಂಥ ಅಂಕಿ!" ಅನ್ನುತ್ತಾರೆ ಡಾಕ್ಟರ್ ಲೆಂಡೀನೆಸ್.
ಇರಬಹುದು.
ಮಲಗಿದವನು ಯಾರೋ ಪಾಸಾಗಿದ್ದಾನೆ.
ಎದ್ದವನು ನಾನು.

ಹೋದ ಡಿಸೆಂಬರ್. ಹೂವಿಲ್ಲ, ಪುಡಿಯಿಲ್ಲ,
ದೂರಲು ಒಂದು ಮರವೂ ಇಲ್ಲ.
ಪ್ರಿಂಟರು ಕೆಟ್ಟು ಕೈಯಲ್ಲೇ ಚೀಟಿ ಬರೆಯುತ್ತಿದ್ದ ವಾರ.
ಗೂಡಿನ ಹೀಟರು ಬೆನ್ನು ತಟ್ಟಿತು,
ಗಲ್ಲ ಎದೆಗೆ ಬಿತ್ತು, ಕೈ ಮಾತ್ರ ಬರೆಯುತ್ತಲೇ ಇತ್ತು.
ಒಬ್ದೂಲಿಯಾ ಅಜ್ಜಿ ಮೂರು ದಿನ ಬಿಟ್ಟು ಬಂದಳು,
ಮ್ಯಾನೇಜರ ಹತ್ತಿರ ಹೋಗಲಿಲ್ಲ.
ನಾಲ್ಕು ಮಡಿಕೆಯ ಚೀಟಿ ಗಾಜಿಗೆ ಒತ್ತಿ ಹಿಡಿದು,
"ಎಯುಫ್ರಾಸಿಯೊ, ನನ್ನ ಸಾವಿರದ ಎಂಟುನೂರು ಕಿಲೋ
ಎಲ್ಲಿ ಮಲಗಿಸಿದೆ ಮಗನೇ?"
ನಾಲ್ಕು ಸಾವಿರದ ಇನ್ನೂರ ಎಂಬತ್ತು
ನನ್ನ ಕೈಯಲ್ಲಿ ಎರಡು ಸಾವಿರದ ನಾನೂರ ಎಂಬತ್ತಾಗಿತ್ತು.
ತಿದ್ದುವಾಗ ಕಿವಿ ಬಿಸಿಯಾದವು.
"ನಮ್ಮ ಹೇಸರಗತ್ತೆಯೂ ನಿಂತಲ್ಲೇ ನಿದ್ದೆ ಮಾಡುತ್ತಿತ್ತು," ಅಂದಳು,
"ಪಾಪ, ಅದಕ್ಕೆ ಬರೆಯುವ ಕೆಲಸ ಕೊಟ್ಟಿರಲಿಲ್ಲ ನಾವು."

ಅಂದು ಗೇಟು ಹಾಕಿದ ಮೇಲೆ
ಸೇತುವೆಯ ನಡುವೆ ಹೋಗಿ ನಿಂತೆ.
ಪರಾಗ ಕಳೆ, ಗಂಟಲು ಕಳೆ, ಮಾತ್ರೆ ಕಳೆ,
ಐವತ್ತನಾಲ್ಕು ವಯಸ್ಸು ಅಂತಾರಲ್ಲ, ಅದನ್ನೂ ಕಳೆ.
ಇನ್ನೂ ಏನೋ ಉಳಿಯುತ್ತದೆ,
ಒದ್ದೆ ಗೋಣಿಯ ಹಾಗೆ.
ಈ ಸೇತುವೆ ಎಣಿಸುವುದು ಇಪ್ಪತ್ತಿಪ್ಪತ್ತು ಕಿಲೋ ಲೆಕ್ಕದಲ್ಲಿ.
ಎಂಬತ್ತು ಅಂದಿತು, ನೂರು ಅಂದಿತು,
ಮತ್ತೆ ಎಂಬತ್ತು.
ಅದಕ್ಕೂ ಖಾತ್ರಿಯಿಲ್ಲ.

ಈಗ ಅಜ್ಜಿ ಟ್ರ್ಯಾಕ್ಟರು ಹತ್ತಿಸುವ ಮೊದಲು
ಉಂಗುರದಿಂದ ಗಾಜು ಕುಟ್ಟುತ್ತಾಳೆ, ಟಕ್ ಟಕ್.
"ಎದ್ದಿದ್ದೀಯಾ?"
"ಅರ್ಧ."
"ಅರ್ಧ ಸಾಕು, ಬರಿ."